ಗಂಟೆಗೊಮ್ಮೆ ಬರುವವರು

ನಮ್ಮ ಯಜಮಾನರಿಗೆ ಕನ್ನಡಕದ ಅಂಗಡಿ ಹೊಟ್ಟೆಪಾಡು, ವೆಬ್‌ಸೈಟ್ ಪ್ರಾಣ. ದಿನವೆಲ್ಲ ಗಾಜು ಉಜ್ಜಿ ಮನೆಗೆ ಬಂದವರೇ ಕಂಪ್ಯೂಟರ್ ಮುಂದೆ ಕೂತು ತಮ್ಮ ಸೈಟಿನ ಅಕ್ಷರ ದಪ್ಪ ಮಾಡುತ್ತಾರೆ, ಮತ್ತೆ ತೆಳ್ಳಗೆ ಮಾಡುತ್ತಾರೆ. ನೋಡುವುದಕ್ಕೆ ಒಂದು ನರಪಿಳ್ಳೆಯೂ ಇಲ್ಲ. ಆದರೂ ಬಂದವರನ್ನು ಎಣಿಸಲು ಒಂದು ಪ್ರೋಗ್ರಾಂ ಬರೆದಿದ್ದಾರೆ. ತಾವೇ ನೋಡಿದ್ದು ಲೆಕ್ಕಕ್ಕೆ ಸೇರಬಾರದೆಂದು ಮನೆಯ ಇಂಟರ್ನೆಟ್ಟನ್ನು ಅದರಿಂದ ಹೊರಗಿಟ್ಟಿದ್ದಾರೆ. ಅಷ್ಟು ಸತ್ಯವಂತರು!

ಆ ಸೈಟಿನಲ್ಲಿ ಒಂದು ಗುಟ್ಟಿನ ಪುಟವಿತ್ತು. ತೀರಿಕೊಂಡ ಅತ್ತೆ ಇವರ ಫೋನಿಗೆ ಕಳಿಸುತ್ತಿದ್ದ ಧ್ವನಿ ಸಂದೇಶಗಳೆಲ್ಲ ಅಲ್ಲಿದ್ದವು. ಅದರ ವಿಳಾಸ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಊರಿನ ಆಚೆ ತುದಿಯಲ್ಲಿರುವ ಭಾವನವರಿಗೆ ಇವರು ಹೇಳಿರಲಿಲ್ಲ. ಅತ್ತೆ ಬದುಕಿದ್ದಾಗಲೇ ಅವರ ಹೊಲಿಗೆ ಮಷೀನನ್ನು ಭಾವನವರು ಕೇಳದೆ ಒಯ್ದರೆಂದು ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದರು. "ಅವನು ಮಷೀನ್ ಇಟ್ಕೊಂಡ, ನಾನು ದನಿ ಇಟ್ಕೊಂಡೆ," ಎನ್ನುತ್ತಿದ್ದರು ಇವರು.

ಒಂದು ಭಾನುವಾರ ನೋಡುತ್ತೇನೆ, ಇವರ ಮುಖ ಹರಳೆಣ್ಣೆ ಕುಡಿದವರ ಹಾಗಾಗಿದೆ.

"ಅಮ್ಮನ ಪುಟಕ್ಕೆ ಯಾರೋ ಬರ್ತಿದಾರೆ ಕಣೇ. ಇದೇ ಊರಿನವರು. ನೀನೇನಾದ್ರೂ ಬಾಯಿ ಬಿಟ್ಯಾ?"

ನನಗೆ ಮೈಯೆಲ್ಲ ಉರಿಯಿತು. "ನನ್ನ ಮೇಲೇ ಅನುಮಾನವಾ? ಅನ್ನ ನುಂಗಿದಷ್ಟೇ ಸಲೀಸಾಗಿ ಗುಟ್ಟು ನುಂಗೋಳು ನಾನು!"

ಆಮೇಲೆ ಅನುಮಾನವೆಲ್ಲ ಭಾವನವರ ಕಡೆ ತಿರುಗಿತು. ಯಾವುದೋ ಮದುವೆ ಮನೆಯಲ್ಲಿ ನನ್ನ ಫೋನ್ ಅವರ ಕೈಗೆ ಸಿಕ್ಕಿರಬೇಕು, ವಿಳಾಸ ಕದ್ದಿರಬೇಕು, ದನಿಯನ್ನೂ ಹೊತ್ತುಕೊಂಡು ಹೋಗುತ್ತಾರೆ ಎಂದು ಇವರು ಪುಟಕ್ಕೆ ಪಾಸ್‌ವರ್ಡ್ ಹಾಕಿದರು. ಆದರೂ ಆ ಆಸಾಮಿ ಬಂದು ಬಾಗಿಲು ತಟ್ಟಿ ಹೋಗುತ್ತಲೇ ಇದ್ದ. ನನಗೂ ನಂಬಿಕೆ ಬಂತು. ಭಾವನವರು ಹೋದ ತಿಂಗಳು ಕನ್ನಡಕದ ನೆಪದಲ್ಲಿ ಅಂಗಡಿಯ ಮುಂದೆ ಸುಳಿದಾಡಿದ್ದರಲ್ಲ, ಅದೂ ನೆನಪಾಯಿತು.

ಕೊನೆಗೆ ಇವರು ತಡೆಯಲಾರದೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದು ನಾನು ಸಾಕ್ಷಿಗಿರಲೆಂದು.

"ಕಳ್ಳತನದಲ್ಲಿ ಯಾಕೆ ಬರ್ತೀಯಾ ಅಮ್ಮನ ಪುಟಕ್ಕೆ?"

"ಯಾವ ಪುಟನೋ?"

"ನಾಟಕ ಬೇಡ. ಅಮ್ಮನ ದನಿ ಇರೋ ಪುಟ."

ಭಾವನವರು ಮೆಲ್ಲಗೆ ಕೇಳಿದರು: "ಅಮ್ಮನ ದನಿ ಇದ್ಯೇನೋ ನಿನ್ನ ಹತ್ರ?"

ಇವರು ಫೋನ್ ಇಟ್ಟುಬಿಟ್ಟರು. ಹಾಗೆ ಕೇಳುವವನು ಕಳ್ಳನಲ್ಲ. ಬಂದವರ ಲೆಕ್ಕವನ್ನು ನಾನೇ ಇಣುಕಿ ನೋಡಿದೆ.

"ರೀ, ಈ ಕಳ್ಳನಿಗೆ ಊಟ ನಿದ್ದೆ ಒಂದೂ ಇಲ್ವಾ? ಗಂಟೆ ಹೊಡೆದ ಹಾಗೆ ಬರ್ತಾನಲ್ಲ?"

ಇವರು ಪರದೆ ನೋಡಿದರು, ನನ್ನನ್ನು ನೋಡಿದರು, ತಲೆ ಹಿಡಿದುಕೊಂಡು ಕೂತರು. ಸೈಟ್ ನಿಂತುಹೋದರೆ ತಿಳಿಯಲೆಂದು ಇವರೇ ಇತ್ತೀಚೆಗೆ ಒಂದು ಪ್ರೋಗ್ರಾಂ ಬರೆದು ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಬಿಟ್ಟಿದ್ದರಂತೆ. ಅದು ಗಂಟೆಗೊಮ್ಮೆ ಸೈಟಿನ ಪುಟಗಳನ್ನೆಲ್ಲ ತೆರೆದು ನೋಡುತ್ತದೆ, ಹೊಸದಾಗಿ ಸೇರಿಸಿದ್ದನ್ನೂ ಬಿಡುವುದಿಲ್ಲ. ಲೆಕ್ಕದಿಂದ ಮನೆಯನ್ನು ಹೊರಗಿಟ್ಟವರು ಅಂಗಡಿಯನ್ನು ಮರೆತಿದ್ದರು, ಅಮ್ಮನ ಪುಟದ ಗಾಬರಿಯಲ್ಲಿ ಉಳಿದ ಪುಟಗಳ ಲೆಕ್ಕ ನೋಡಿರಲೂ ಇಲ್ಲ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. "ಅವರಿಗೆ ವಿಳಾಸ ಕಳಿಸಿ," ಎಂದೆ. ಇವರು ಪಾಸ್‌ವರ್ಡ್ ತೆಗೆದರು. ವಿಳಾಸ ಕಳಿಸಿದರು.

ಸಂಜೆಯ ಹೊತ್ತಿಗೆ ಲೆಕ್ಕದಲ್ಲಿ ಹೊಸಬರೊಬ್ಬರು ಕಾಣಿಸಿಕೊಂಡರು. ಒಂದೇ ಸಂದೇಶವನ್ನು ಮತ್ತೆ ಮತ್ತೆ ತೆರೆಯುತ್ತಿದ್ದರು, ಅತ್ತೆಯ ಕೊನೆಯದನ್ನು. ಆಮೇಲೆ ಫೋನ್ ಬಂತು.

"ನನ್ನನ್ನೇ ಬೈತಿದಾಳಲ್ಲೋ," ಎಂದರು ಭಾವ. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "'ನಿಮ್ಮಣ್ಣ, ಆ ಮೂದೇವಿ, ಫೋನ್ ಎತ್ತಲ್ಲ, ಒಂದ್ಸಲ ಬಂದು ಹೋಗು ಅಂತ ಹೇಳು ಅವನಿಗೆ' ಅಂತಾಳೆ."

"ಹೂಂ," ಎಂದರು ಇವರು. "ನಿಂಗೆ ಹೇಳು ಅಂದಿದ್ಲು. ನಾನು ಹೇಳ್ಲಿಲ್ಲ."