ಒಂದು ಸೌಟು ಹಳೇ ನೊರೆ

ಹುಳಿ ವಾಸನೆ, ಎಲ್ಲಿಂದ ಬಂತು ಇದು, ಮುಂದಿನ ಸೀಟಿನ ಹೆಂಗಸಿನ ತೊಡೆಯ ಮೇಲಿನ ಡಬ್ಬಿಯಿಂದ, ದೋಸೆ ಹಿಟ್ಟು ಉಬ್ಬಿ ಮುಚ್ಚಳ ಎತ್ತಿದೆ, ಬಸ್ಸು ಕುಣಿದಾಗಲೆಲ್ಲ ಅಂಚಿನಿಂದ ಒಂದೊಂದು ಹನಿ ಸೀರೆಗೆ ಇಳಿಯುತ್ತಿದೆ, ಒರೆಸಿಕೊಳ್ಳಲಿಕ್ಕೆ ಏನು ಬ್ಯಾನಿ ಈಕೆಗೆ ಎಂದು ಗಾದಿಲಿಂಗಪ್ಪ ಹಲ್ಲು ಕಡಿದು ಕಿಟಕಿಯ ಕಡೆ ತಿರುಗಿದ — ಗದ್ದೆಗಳು ಮುಗಿದು ಬಂಡೆಗಳು ಶುರುವಾಗಿದ್ದವು, ಕುರುಗೋಡು ಬಂತು, ಈ ಸಲ ಇಲ್ಲಿ ಇಳಿಯುವುದಿಲ್ಲ, ಹೋದ ಸೋಮವಾರ ಇಳಿದಿದ್ದ, ಬಳ್ಳಾರಿಯ ತನಕ ಟಿಕೀಟು ತೆಗೆಸಿದವನು ಇಲ್ಲೇ ಇಳಿದು, ಚಹಾ ಕುಡಿದು, ಸಿರುಗುಪ್ಪದ ಬಸ್ಸು ಹತ್ತಿ ವಾಪಸು ಹೋಗಿದ್ದ, ಹೇಡಿ, ಹೆಂಡತಿ ಜಂಬಮ್ಮ ಹೇಳಿದ್ದರಲ್ಲಿ ಸುಳ್ಳೇನಿದೆ, ನಿನ್ನ ಸಿಟ್ಟು ಮನ್ಯಾಗಷ್ಟ ಗಂಡಸು, ಹೊರಗ ಹೋದ್ರ ಬಾಲ ಮಡಚತತಿ. ಹೇಳಬೇಕಾದದ್ದು ಒಂದೇ ಮಾತು, ಸರಸ್ವತಿಬಾಯಾರ, ಹಾಕಿದವ ನಾನು. ಅಷ್ಟೇ. ಇಪ್ಪತ್ತೆರಡು ವರ್ಷ ಸ್ಪಿರಿಟ್ ಕಾರ್ಖಾನೆಯಲ್ಲಿ ಯೀಸ್ಟು ಕಾದವನ ಬಾಯಿಗೆ ಅದು ಬರುತ್ತಿಲ್ಲ. ಯೀಸ್ಟಿಗೆ ಅಲ್ಲಿ ಎಲ್ಲರೂ ಹೆಪ್ಪು ಅನ್ನುವುದು, ಕಾಕಂಬಿ, ಸಕ್ಕರೆ ತೆಗೆದುಳಿದ ಕಪ್ಪು ಪಾಕ, ತುಂಬಿದ ತೊಟ್ಟಿಗೆ ಹೆಪ್ಪು ಬಿಟ್ಟರೆ ನೊರೆ ಏಳುತ್ತದೆ, ನೊರೆ ಇಳಿದರೆ ಸ್ಪಿರಿಟ್, ಕಲಿಸಿದವನು ಸತ್ತುಹೋದ ದೊಡ್ಡಬಸಪ್ಪ, ಹೊಸಾ ತೊಟ್ಟಿ ಮಂಕಾಗಿ ಕುಂತ್ರ ಹಳೇ ತೊಟ್ಟಿ ನೊರಿ ಒಂದು ಸೌಟು ಹಾಕಲೇ, ತಾಯಿ ಮೈ ತಾಗಿದಂಗ ಎದ್ದು ಕುಂದರ್ತತಿ.

ಅದೇ ಕೈ, ಅದೇ ಉದ್ದನೆಯ ಹಿತ್ತಾಳೆ ಸೌಟು. ನಾಲ್ಕು ವರ್ಷ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಸರಸ್ವತಿಬಾಯಾರು ಗಾಜಿನ ತಟ್ಟೆಗಳಲ್ಲಿ ಯೀಸ್ಟು ಹರವಿ ನೀಲಿ ದೀಪದ ಕೆಳಗೆ ಇಟ್ಟರು, ಈ ಬೆಳಕಿಗೆ ಸಾವಿರಗಟ್ಟಲೆ ಸಾಯ್ತಾವ ಗಾದಿಲಿಂಗಪ್ಪ, ಸಾಯದ ಉಳಿದದ್ದರಾಗ ಒಂದೊಂದರ ಹುಟ್ಟುಗುಣಾನ ಬದಲಾಗಿರ್ತದ, ಸ್ಪಿರಿಟ್ ಕಡಿಮಿ ಮಾಡಿ ಗ್ಲಿಸರಿನ್ ಮಾಡೋದು ಒಂದು ಸಿಗಬೇಕು ನನಗ, ಸೋಪಿಗೆ, ಔಷಧಕ್ಕ ಎಲ್ಲಾದಕ್ಕೂ ಬೇಕದು. ಅವನು ನಕ್ಕಿದ್ದ, ದೀಪ ತೋರಿಸಿದ್ರ ಗುಣ ಬದಲಾಗತತೇನ್ರಿ ಬಾಯಾರ, ಹಂಗಾದ್ರ ನಮ್ಮ ಮ್ಯಾನೇಜರಿಗೂ ಒಂದೀಟು ತೋರಿಸ್ರಿ — ಬಾಯಾರು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು. ಸಿಕ್ಕಿತು ಕೊನೆಗೆ, ತಟ್ಟೆಯ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ, ಅದನ್ನೇ ಕೊಳವೆಯಲ್ಲಿ, ಸೀಸೆಯಲ್ಲಿ, ಕೊಡದಲ್ಲಿ ಬೆಳೆಸಿ ಬೆಳೆಸಿ ದೊಡ್ಡ ತೊಟ್ಟಿಗೆ ಬಿಟ್ಟ ದಿನ ಮೂರು ಸಲ ಹೇಳಿದ್ದರು, ಇದು ನಿಧಾನ ಬೆಳೀತದ, ಹಳೇದು ಒಂದು ಹನಿ ಬಿದ್ರೂ ಇದನ್ನ ಮೂಲಿಗೆ ಒತ್ತಿಬಿಡ್ತದ, ಹುಷಾರು. ಹೂಂ ಅಂದಿದ್ದ. ಮಧ್ಯಾಹ್ನವಾದರೂ ನೊರೆ ಇಲ್ಲ, ಕಪ್ಪಗೆ ಸುಮ್ಮನೆ ಬಿದ್ದಿದೆ ತೊಟ್ಟಿ, ಸಂಜೆ ಮ್ಯಾನೇಜರು ಬರುತ್ತಾರೆ, ಬಾಯಾರು ಊಟ ಬಿಟ್ಟು ಹತ್ತು ಸಲ ಬಂದು ಇಣುಕಿ ಹೋದರು, ಆ ಮುಖ ನೋಡಲಾಗದೆ, ಅಯ್ಯೋ ಪಾಪ ಅನ್ನಿಸಿ — ಹಳೇ ತೊಟ್ಟಿಯಿಂದ ಒಂದು ಸೌಟು. ಸಂಜೆಗೆ ನೊರೆ ಅಂಚಿಗೆ ಬಂತು, ಬಾಯಾರು ಕೈ ಮುಗಿದು ನಿಂತರು. ಮೂರನೇ ದಿನ ಪರೀಕ್ಷೆ ಮಾಡಿದರೆ ಬರೀ ಸ್ಪಿರಿಟ್ಟು, ಗ್ಲಿಸರಿನ್ನಿನ ಸುಳಿವಿಲ್ಲ, ನೀ ಏನರ ಹಾಕಿದೇನು ಎಂದು ಮ್ಯಾನೇಜರು ಕೇಳಿದಾಗ ಮೈಯೆಲ್ಲ ಉರಿದುಹೋಯಿತು, ನನ್ನ ಕೈ ಶುದ್ಧ ಐತ್ರಿ, ದೀಪದಾಗ ಹುಟ್ಟಿದ್ದು ತೊಟ್ಟ್ಯಾಗ ನಿಲ್ತತೇನ್ರಿ, ಬಾಯಾರನ್ನ ಕೇಳ್ರಿ! ಬಾಯಾರು ತಲೆ ತಗ್ಗಿಸಿದರು. ಪ್ರಯೋಗಶಾಲೆಗೆ ಬೀಗ. ಹೊಸ ಯೀಸ್ಟಿನ ಉಳಿದ ನಾಲ್ಕು ಕೊಳವೆಗಳನ್ನು ಬಾಯಾರು ಬುಟ್ಟಿಯಲ್ಲಿಟ್ಟು ಎದೆಗೊತ್ತಿಕೊಂಡು ಬಳ್ಳಾರಿಯ ಬಸ್ಸು ಹತ್ತಿದ್ದು ಕಣ್ಣಿಗೆ ಕಟ್ಟಿದೆ, ಆ ನಾಲ್ಕು ಇದ್ದರೆ ಸಾಕು, ಮತ್ತೆ ಬೆಳೆಸಬಹುದು, ಮ್ಯಾನೇಜರ ಮುಂದೆ ತಾನೇ ನಿಂತು ಹೇಳುತ್ತಾನೆ, ಕೆಲಸ ಹೋದರೆ ಹೋಗಲಿ.

ಕಂಟೋನ್ಮೆಂಟಿನ ಬೇವಿನ ಮರ, ಹಸಿರು ಬಾಗಿಲು, ತೆರೆದವರು ಬಾಯಾರ ತಾಯಿ ಅಂಬುಜಮ್ಮ, ಸರಸೂ, ಕಾರ್ಖಾನಿಯವರು ಯಾರೋ ಬಂದಾರ ನೋಡು, ಬಾಯಾರು ಹೊರಗೆ ಬಂದು ನಕ್ಕರು, ಎಷ್ಟು ಸೊರಗಿದ್ದಾರೆ, ಬರ್ರಿ ಗಾದಿಲಿಂಗಪ್ಪ, ಅಲ್ಲಿಂದ ನೀವೊಬ್ರ ನೋಡ್ರಿ ಬಂದದ್ದು. ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಕೊಳವೆಗಳು, ತೊಳೆದು ಬೋರಲು ಹಾಕಿವೆ, ಅವುಗಳ ಮೇಲೆ ಬಿಸಿಲು. ಅವನು ನೋಡುತ್ತಿದ್ದುದನ್ನು ಬಾಯಾರು ನೋಡಿದರು, ಬೇಯಿಸಿ ಚೆಲ್ಲಿಬಿಟ್ಟೆ, ಶುಕ್ರವಾರ, ನೀವು ಅಂದದ್ದ ಖರೆ, ಅದರ ಗುಣ ನಿಲ್ಲಲಿಲ್ಲ, ತಿರುಗಿ ಹಳೇದಕ್ಕ ಹೋತು, ತಪ್ಪು ನಂದ, ಸುಮ್ಮನ ನಿಮ್ಮ ಕೈ ಮ್ಯಾಲ ಅನುಮಾನ ಬಂತು. ಶುಕ್ರವಾರ. ಅವನು ಕುರುಗೋಡಿನಲ್ಲಿ ಇಳಿದದ್ದು ಸೋಮವಾರ, ಆಮೇಲೆ ಮಂಗಳವಾರ, ಬುಧವಾರ, ಗುರುವಾರ, ನಾಲ್ಕು ದಿನ ಜೀವಂತ ಇದ್ದವು, ಚಹಾ ಕುಡಿದ ಗಾಡಿಯ ಬೆಂಚು, ಗ್ಲಾಸಿನ ತಳದ ಗಸಿ, ಈಗಲಾದರೂ ಹೇಳು, ಹುಟ್ಟಿದ್ದು ಸುಳ್ಳಲ್ಲ ಬಾಯಾರ ಅನ್ನು, ಬಾಯಿ ತೆರೆದ, ಮಜ್ಜಿಗಿ ಕುಡೀರಿ, ಬಿಸಿಲಾಗ ಬಂದೀರಿ ಎಂದು ಅಂಬುಜಮ್ಮ ಲೋಟವನ್ನು ಮುಂದೆ ಹಿಡಿದರು, ಇನ್ನೊಂದು ಕೈಯಲ್ಲಿ ಮಜ್ಜಿಗೆ ತುಂಬಿದ ಹಿತ್ತಾಳೆ ಸೌಟು, ಬೇಡ, ಹಾಕಬೇಡ್ರಿ ತಾಯಿ — ಯಾಕ್ರಿ ಗಾದಿಲಿಂಗಪ್ಪ, ಏನಾತು ಎಂದರು ಬಾಯಾರು — ಸೌಟಿನ ಅಂಚಿಗೆ ಬಿಳಿ ನೊರೆ ಬಂದು ನಿಂತಿದೆ, ಒಂದೇ ಹನಿ, ತುದಿಯಲ್ಲಿ, ದಪ್ಪಗಾಗುತ್ತಿದೆ, ಬೀಳುತ್ತಿಲ್ಲ, ಸೌಟು, ಆ ಹನಿ, ಸೌಟಿನ ತುದಿಯ ಆ ಹನಿ