ಒಂದೇ ತೂಕದ ಎರಡು ಕತ್ತಿ

“ಲೋ ಮೂಟೆ, ಇದು ಕತ್ತಿ ಬೀಸೋ ಜಾಗ ಕಣೋ, ಸೌದೆ ಒಡೆಯೋ ಜಾಗ ಅಲ್ಲ!” ಎಂದು ಜಪಾನಿ ಕತ್ತಿವರಸೆ ಕೆಂಡೊ ಕಲಿಸುವ ಮೇಷ್ಟ್ರು ಹನ್ನೆರಡು ಜನರ ಎದುರೇ ಬೈದರು. ಎಲ್ಲರೂ ಗೊಳ್ಳೆಂದು ನಕ್ಕರು.

ಗೋದಾಮಿನಲ್ಲಿ ಮೂಟೆ ಹೊರುವವನಿಗೆ ಆ ಅಡ್ಡಹೆಸರು ಹೊಸದಲ್ಲ. ಬೈಗುಳ ಮಾತ್ರ ತಲೆಗೆ ಹತ್ತಲಿಲ್ಲ. ಅಭ್ಯಾಸದ ಭಾರವಾದ ಮರದ ಕತ್ತಿಯೊಂದನ್ನು ತಾನೇ ಆರಿಸಿಕೊಂಡು, ಐವತ್ತು ಸಲ ಬೀಸಿ, ಪ್ರತಿ ಸಲವೂ ಸೊಂಟದ ಮಟ್ಟದಲ್ಲಿ ನಿಲ್ಲಿಸಿದವನಿಗೆ ಭಾನುವಾರದ ಪಂದ್ಯದಲ್ಲಿ ಜಾಗ. ಅವನ ಕತ್ತಿ ಹತ್ತನೇ ಏಟಿಗೇ ನೆಲಕ್ಕೆ ಬಡಿದಿತ್ತು.

“ಹೋದ ವಾರ ಸಲೀಸಾಗಿ ಬೀಸಿದ್ದೂ ಒಂದು ಕೆಜೀನೇ, ಇದೂ ಒಂದು ಕೆಜೀನೇ ಮೇಷ್ಟ್ರೇ. ಗೋದಾಮಿನ ತಕ್ಕಡೀಲಿ ನಾನೇ ತೂಗಿದೀನಿ!”

“ತಕ್ಕಡಿ ಬಂದು ಬೀಸುತ್ತೇನೋ? ಅದರ ಭಾರ ಹಿಡಿ ಹತ್ರ ಇತ್ತು. ಇದರದ್ದು ತುದೀಲಿದೆ.”

“ಮೂಟೆಗೆ ತುದಿ ಎಲ್ಲಿರುತ್ತೆ, ಪಾಪ!” ಎಂದ ಜೊತೆಗೆ ಕಲಿಯುತ್ತಿದ್ದ ದರ್ಜಿ.

ಮೂಟೆಯವನು ಹೋದ ವಾರದ ಕತ್ತಿಯನ್ನು ಎಡಗೈಯಲ್ಲಿ, ಇವತ್ತಿನದನ್ನು ಬಲಗೈಯಲ್ಲಿ ಹಿಡಿದ. ಬಲಗೈ ಇಳಿಯಿತು, ಎಡಗೈ ಅಲ್ಲೇ ನಿಂತಿತು. ಮೂಟೆ ಒಂದು ಕಡೆ ವಾಲಿದರೆ ಬೆನ್ನು ಮುರಿಯುತ್ತದೆ ಎಂದು ಹೊಸಬರಿಗೆ ದಿನಾ ಹೇಳುವವನು ತಾನೇ ಅಲ್ಲವೇ? ಹಾಗಾದರೆ ಇದು ಯಾಕೆ ಹೊಳೆಯಲಿಲ್ಲ?

“ಇನ್ನೊಂದು ಸಲ ಬೀಸೋಕೆ ಬಿಡ್ತೀನಿ. ಯಾವುದು ಬೇಕು, ಹೇಳು,” ಎಂದರು ಮೇಷ್ಟ್ರು.

ಎಡಗೈಯದು ಎಂದರೆ ಸುಲಭದ್ದು ಹುಡುಕಿದ ಎಂದು ನಗುತ್ತಾರೆ. ಬಲಗೈಯದು ಎಂದರೆ ಮತ್ತೆ ನೆಲಕ್ಕೇ ಬಡಿಯುತ್ತದೆ. ಬುದ್ಧಿವಂತ ಯಾವುದನ್ನು ಕೇಳುತ್ತಾನೆ? ಅವನಿಗೆ ಒಂದೂ ಬಗೆಹರಿಯಲಿಲ್ಲ. ಎರಡನ್ನೂ ಗೋಡೆಗೆ ಒರಗಿಸಿ, ಕಿವಿ ಕೆಂಪಗೆ ಮಾಡಿಕೊಂಡು ಹೊರಟುಹೋದ.