ಬೆಟ್ಟಮ್ಮನ ಹಾಲಿನ ರೀಡಿಂಗ್

ಬೂಕನಕೆರೆ ಪಕ್ಕದ ಒಂದು ಹಳ್ಳಿಯ ಡೇರಿಯಲ್ಲಿ ಬೆಟ್ಟಮ್ಮನ ಹಾಲಿನಲ್ಲಿ ಅರ್ಧಕ್ಕರ್ಧ ನೀರು ಎಂದು ಯಂತ್ರ ವಾರಕ್ಕೆರಡು ಸಲ ತೋರಿಸುತ್ತಿತ್ತು. ಸೆಕ್ರೆಟರಿ ನಿಂಗರಾಜು ಮೂರು ವಾರ ನೋಡಿ ಅವಳ ಹಾಲನ್ನು ಬೇಡವೆಂದ. ಊರಿನ ಹೆಂಗಸರು ಅವಳನ್ನು ಮಾತಾಡಿಸುವುದು ಬಿಟ್ಟರು.

ಡೇರಿಯ ಕಂಪ್ಯೂಟರಿಗೆ ಪ್ರೋಗ್ರಾಮು ಬರೆದಿದ್ದವಳು ಪ್ರಮೀಳಾ. ನಾಗಮಂಗಲದಲ್ಲೊಂದು ರೂಮು ಮಾಡಿಕೊಂಡು ಸುತ್ತಿನ ಡೇರಿಗಳ ಕೆಲಸವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಎಷ್ಟೋ ದಿನ ಅವಳೊಡನೆ ಬಸ್ ಕಂಡಕ್ಟರನ ಹೊರತು ಯಾರೂ ಮಾತಾಡುತ್ತಿರಲಿಲ್ಲ. ನಿಂಗರಾಜು ಯಾವುದೋ ಮಾತಿಗೆ ಬೆಟ್ಟಮ್ಮನ ವಿಷಯ ತೆಗೆದಾಗ ಅವಳಿಗೆ ತನ್ನ ಪ್ರೋಗ್ರಾಮಿನ ಮೇಲೇ ಅನುಮಾನ ಬಂತು. ಎರಡು ದಿನ ಬೆಳಗ್ಗೆ ಡೇರಿಯಲ್ಲೇ ಕೂತು ನೋಡಿದಳು.

ಹಾಲು ಪರೀಕ್ಷಿಸುವ ಯಂತ್ರದ ಜೊತೆ ಬಂದ ಲೈಬ್ರರಿ, ಅಂದರೆ ಯಂತ್ರವನ್ನು ನಡೆಸುವ ಸಿದ್ಧ ಪ್ರೋಗ್ರಾಮು, ಹಳೆಯ ಸಿ ಭಾಷೆಯದು. ಸಿ ಶಾರ್ಪ್ ಎಂಬ ಹೊಸ ಭಾಷೆಯಲ್ಲಿದ್ದ ಪ್ರಮೀಳಾಳ ಪ್ರೋಗ್ರಾಮು ಮೆಮೊರಿಯಲ್ಲಿ ಒಂದು ಜಾಗದ ಪಾಯಿಂಟರನ್ನು, ಅಂದರೆ ವಿಳಾಸವನ್ನು, ಅದಕ್ಕೆ ಕೊಡುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಲೈಬ್ರರಿ ಅಲ್ಲಿ ರೀಡಿಂಗ್ ಬರೆಯಬೇಕು. ಆದರೆ ಸಿ ಶಾರ್ಪ್ ಆಗಾಗ ಮೆಮೊರಿ ಗುಡಿಸಿ ಒಳಗಿನದನ್ನು ಬೇರೆಡೆಗೆ ಸರಿಸುತ್ತದೆ. ಅದು ತಿಳಿಯದ ಲೈಬ್ರರಿ ಹಳೇ ಜಾಗದಲ್ಲೇ ಬರೆಯುತ್ತಿತ್ತು. ಪ್ರೋಗ್ರಾಮು ಹೊಸ ಜಾಗದಲ್ಲಿ ಓದುತ್ತಿದ್ದುದು ಹಿಂದಿನ ರೀಡಿಂಗನ್ನು. ದೂರದ ಹೊಲದ ಮನೆಯಿಂದ ಬೆಟ್ಟಮ್ಮ ಎಲ್ಲರಿಗಿಂತ ಕೊನೆಗೆ ಬರುವಷ್ಟರಲ್ಲಿ ನಿಂಗರಾಜು ಒಮ್ಮೆ ಯಂತ್ರ ತೊಳೆದಿರುತ್ತಿದ್ದ. ತೊಳೆದ ನೀರನ್ನೂ ಯಂತ್ರ ಅಳೆಯುತ್ತಿತ್ತು; ಅವಳ ಹೆಸರಿಗೆ ಬಿದ್ದದ್ದು ಉಳಿದ ಹಾಲು ಬೆರೆತ ಆ ನೀರಿನ ರೀಡಿಂಗ್.

ರೀಡಿಂಗ್ ಬರುವ ತನಕ ಆ ಜಾಗ ಕದಲದಂತೆ ಹಿಡಿದಿಡಲು ಮೂರು ಸಾಲು ಸಾಕಾಯಿತು. ಪ್ರಮೀಳಾ ಮೊದಲೇ ಬರೆಯಬೇಕಿದ್ದ ಸಾಲುಗಳು.

“ಜನಕ್ಕೆ ಮಿಷಿನ್ನು ರಿಪೇರಿ ಆಯ್ತು ಅಂತೀನಿ ಬುಡಿ ಮೇಡಂ,” ಎಂದ ನಿಂಗರಾಜು.

ಪ್ರಮೀಳಾ ಒಪ್ಪಲಿಲ್ಲ. ಮರುದಿನ ಬೆಳಗ್ಗೆ ಸಾಲಿನಲ್ಲಿ ನಿಂತವರೆದುರು ತಪ್ಪು ತನ್ನದೆಂದಳು. ಕೇಳಿದವರು ತಮ್ಮ ತಮ್ಮ ಕ್ಯಾನು ಎತ್ತಿಕೊಂಡು ಹೊರಟರು.

ಅಲ್ಲಿಂದ ಹೊಲದ ಮನೆಗೆ ನಡೆದಳು. ಗುಡಿಸಿದ್ದ ಕೊಟ್ಟಿಗೆ ಒಣಗಿತ್ತು, ಗೂಟದಲ್ಲಿ ಹಗ್ಗವಿರಲಿಲ್ಲ. ಪ್ರಮೀಳಾ ಹೇಳಿದ್ದನ್ನೆಲ್ಲ ಬೆಟ್ಟಮ್ಮ ಹೊಸಿಲ ಮೇಲೆ ಕೂತು ಕೇಳಿಸಿಕೊಂಡಳು.

“ಹೋದ್ ಸೋಮವಾರ ಹಸ ಕೊಟ್ಬುಟ್ಟೆ ಕಣವ್ವ,” ಎಂದಳು. “ಹಾಲು ಚೆಲ್ಲಿ ಚೆಲ್ಲಿ ಸಾಕಾಗೋಯ್ತು. ಈಗ ಐದ್ ಗಂಟ್ಗೇ ಎಚ್ಚರಾಯ್ತದೆ. ಎದ್ದು ಏನ್ಮಾಡ್ಬೇಕೋ ಗೊತ್ತಾಗಾಕಿಲ್ಲ.”

ಬೆಟ್ಟಮ್ಮ ಒಳಗೆ ಹೋಗಿ ಒಲೆ ಹೊತ್ತಿಸಿದಳು.

“ಕರೀ ಟೀ ಕುಡೀತೀಯ?”

ಕುಡಿಯುತ್ತೇನೆಂದು ಹೇಳಿ ಪ್ರಮೀಳಾ ಹೊಸಿಲ ಮೇಲೆ, ಬೆಟ್ಟಮ್ಮ ಕೂತಿದ್ದ ಜಾಗದ ಪಕ್ಕದಲ್ಲಿ ಕೂತಳು.